ಐದು ದನಿಗಳ ಲೆಕ್ಕ: ಅಭಿಮಾನಿ ಗೇಮ್‌ಗೆ ಸಂಗೀತ ಬರೆಯುವುದು, ಪರಿವರ್ತಿಸುವುದು

ಅಭಿಮಾನಿಗಳು ಸೇರಿ ಗೇಮ್ ಕಟ್ಟಲು ಕೂತಾಗ ನಕ್ಷೆ ಬಿಡಿಸುವವರು ಸಿಗುತ್ತಾರೆ, ಕತೆ ಹೆಣೆಯುವವರು ಬೇಕಾದಷ್ಟು ಸಿಗುತ್ತಾರೆ. ಸಂಗೀತದ ಮಾತು ಬಂದ ಕೂಡಲೇ ತಂಡ ಸುಮ್ಮನಾಗುತ್ತದೆ. ಹಾಗೆ ಸುಮ್ಮನಾದ ಒಂದು ತಂಡದಲ್ಲಿ ನಾನು ಕೈ ಎತ್ತಿದ್ದೆ. ಯುದ್ಧದ ಸನ್ನಿವೇಶಕ್ಕೆಂದು ಹದಿನಾಲ್ಕು ಟ್ರ್ಯಾಕ್‌ಗಳ, ಅಂದರೆ ಒಂದೊಂದು ವಾದ್ಯಕ್ಕೆ ಒಂದೊಂದು ಸಾಲಿನ, ಸಂಗೀತ ಬರೆದೆ. ಕಂಪ್ಯೂಟರಿನಲ್ಲಿ ಅದು ಭವ್ಯವಾಗಿ ಕೇಳಿಸಿತು. ಗೇಮ್‌ನೊಳಗೆ ಹಾಕಿದಾಗ ನಾಲ್ಕು ಟ್ರ್ಯಾಕ್‌ಗಳು ಬಾಯಿಯನ್ನೇ ಬಿಡಲಿಲ್ಲ. ಉಳಿದವುಗಳಲ್ಲಿ ಕೊಳಲು ಸ್ವರದ ನಡುವೆಯೇ ಕತ್ತು ಹಿಸುಕಿದಂತೆ ನಿಲ್ಲುತ್ತಿತ್ತು. ಪರಿವರ್ತಿಸುವ ತಂತ್ರಾಂಶ ಕೆಟ್ಟಿದೆ ಎಂದು ಒಂದು ವಾರ ಬೈದುಕೊಂಡೆ. ತಂತ್ರಾಂಶ ಸರಿಯಾಗಿಯೇ ಇತ್ತು. ಯಂತ್ರಕ್ಕೆ ಎಷ್ಟು ದನಿಗಳಿವೆ ಎಂದು ಕೇಳದೆ ಬರೆಯಲು ಕೂತದ್ದು ನಾನು.

ಆದ್ದರಿಂದ ಈ ಮಾರ್ಗದರ್ಶಿ ತಿರುಗುಮುರುಗಾಗಿ ಸಾಗುತ್ತದೆ. ಮೊದಲು ಸಂಗೀತ ಕೊನೆಗೆ ತಲುಪುವ ಜಾಗವನ್ನು ನೋಡೋಣ, ಆಮೇಲೆ ರಚನೆಗೆ ಕೂರೋಣ. ಉದಾಹರಣೆಗೆ ಗೇಮ್ ಬಾಯ್ ಅಡ್ವಾನ್ಸ್ ಯಂತ್ರವನ್ನು ಆರಿಸಿಕೊಂಡಿದ್ದೇನೆ. 2001ರಲ್ಲಿ ಬಂದ ಈ ಯಂತ್ರದ ಪೋಕೆಮಾನ್ ಎಮರಾಲ್ಡ್ ಗೇಮ್‌ನ ಕೋಡನ್ನು ಅಭಿಮಾನಿಗಳು ಓದಬಹುದಾದ ರೂಪಕ್ಕೆ ಮರಳಿ ತಂದಿದ್ದಾರೆ. ಆ ಪೋಕ್‌ಎಮರಾಲ್ಡ್ ಯೋಜನೆಯ ಮೇಲೆ ಹೊಸ ಗೇಮ್ ಕಟ್ಟುವವರು ಬಹಳ. ಹೊಸ ಕಾಲದ ಎಂಜಿನ್‌ಗಳಲ್ಲಿ ಗೇಮ್ ಮಾಡುತ್ತಿರುವವರಿಗೂ ಕೊನೆಯ ಕಡೆ ಒಂದು ಭಾಗ ಇದೆ. ಆದರೆ ನಡುವಿನದನ್ನು ಹಾರಿಸಬೇಡಿ, ಲೂಪ್‌ನ, ಅಂದರೆ ಸಂಗೀತ ಕೊನೆ ಮುಟ್ಟಿದೊಡನೆ ಮತ್ತೆ ಸುತ್ತಿ ಬರುವುದರ, ವಿಚಾರ ಇಬ್ಬರಿಗೂ ಒಂದೇ.

ಯಂತ್ರದ ಬಳಿ ಏನಿದೆ

ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿ ಎರಡು ಬಗೆಯ ದನಿಗಳಿವೆ. ಮೊದಲನೆಯದು ಹಳೆಯ ಗೇಮ್ ಬಾಯ್‌ನಿಂದ ಬಂದ ನಾಲ್ಕು ಚಾನೆಲ್‌ಗಳು: ಎರಡು ಚೌಕ ಅಲೆ, ಒಂದು ನಾವೇ ಆಕಾರ ಕೊಡಬಹುದಾದ ಅಲೆ, ಒಂದು ಗದ್ದಲ. ಪ್ರತಿಯೊಂದೂ ಒಂದು ಸಲಕ್ಕೆ ಒಂದೇ ಸ್ವರ ನುಡಿಸುತ್ತದೆ. ಅಲ್ಲಿ ಮೂರು ಸ್ವರಗಳ ಸ್ವರಮೇಳ ಬರೆದರೆ ಒಂದೇ ಕೇಳಿಸುತ್ತದೆ. ಎರಡನೆಯದು ಡೈರೆಕ್ಟ್‌ಸೌಂಡ್: ಪಿಯಾನೊ, ತಂತಿವಾದ್ಯ, ಡ್ರಮ್ ಮುಂತಾದವುಗಳ ಧ್ವನಿಮುದ್ರಿತ ತುಣುಕುಗಳನ್ನು, ಅಂದರೆ ಸ್ಯಾಂಪಲ್‌ಗಳನ್ನು, ಪ್ರೊಸೆಸರ್ ತಾನೇ ಬೆರೆಸಿ ಹೊರಗೆ ಕಳಿಸುತ್ತದೆ. ಆ ಸ್ಯಾಂಪಲ್‌ಗಳು ಎಂಟು ಬಿಟ್‌ನವು.

ಎಮರಾಲ್ಡ್‌ನ ಧ್ವನಿ ಎಂಜಿನ್ ಮೂಲ ಸ್ಥಿತಿಯಲ್ಲಿ ಒಮ್ಮೆಗೆ ಐದೇ ಡೈರೆಕ್ಟ್‌ಸೌಂಡ್ ದನಿಗಳನ್ನು ಬೆರೆಸುತ್ತದೆ. ಇದನ್ನು ಹನ್ನೆರಡರ ತನಕ ಏರಿಸಬಹುದು, ಆದರೆ ಪ್ರತಿ ದನಿಯೂ ಪ್ರೊಸೆಸರ್‌ನ ಸಮಯ ತಿನ್ನುತ್ತದೆ. ಹಿನ್ನೆಲೆ ಸಂಗೀತಕ್ಕೆ ಹತ್ತು ಟ್ರ್ಯಾಕ್‌ಗಳ ಮಿತಿ ಇದೆ. ನನ್ನ ಹದಿನಾಲ್ಕರಲ್ಲಿ ನಾಲ್ಕು ಮೂಕವಾದದ್ದು ಇದರಿಂದಲೇ.

ಬೆರೆಸುವ ವೇಗ ಸೆಕೆಂಡಿಗೆ 13379 ಸ್ಯಾಂಪಲ್ (ಎಣಿಕೆಯ ಮಾತು ಬಂದಾಗ ಸ್ಯಾಂಪಲ್ ಎಂದರೆ ತುಣುಕಲ್ಲ, ಅಲೆಯ ಒಂದೊಂದು ಅಳತೆ). ಅದರ ಅರ್ಧಕ್ಕಿಂತ ಮೇಲಿನ ಕಂಪನಗಳು, ಅಂದರೆ ಸುಮಾರು 6.7 ಕಿಲೋಹರ್ಟ್ಸ್‌ನಿಂದ ಆಚೆಯವು, ಬದುಕಿ ಉಳಿಯುವುದಿಲ್ಲ. ತಾಳದ ತಟ್ಟೆಯ ಮಿನುಗು, ತಂತಿ ಮೀಟುವಾಗಿನ ಉಗುರಿನ ಸದ್ದು ಎಲ್ಲ ಅಲ್ಲಿಗೇ ಮುಗಿಯಿತು. ಹೊಳಪು ಬೇಕಾದ ಕಡೆ ಸ್ಯಾಂಪಲ್ ಬದಲು ಗದ್ದಲದ ಚಾನೆಲ್ ಬಳಸಿ. ಅದು ಈ ಬೆರೆಸುವಿಕೆಯ ಹೊರಗೆ, ಯಂತ್ರಾಂಶದಲ್ಲೇ ಹುಟ್ಟುವುದರಿಂದ ಈ ಮಿತಿಗೆ ಸಿಗುವುದಿಲ್ಲ.

ಪ್ರತಿ ಸುತ್ತಿನಲ್ಲಿ ಎಷ್ಟು ಪಾಲು ಹೊತ್ತು ಮೇಲಿರುತ್ತದೆ ಎಂಬುದರ ಮೇಲೆ ಚೌಕ ಅಲೆಗೆ ನಾಲ್ಕು ಆಕಾರಗಳಿವೆ: 12.5, 25, 50 ಮತ್ತು 75 ಶೇಕಡಾ. ಕೊನೆಯದು ಎರಡನೆಯದರ ತಲೆಕೆಳಗು, ಕಿವಿಗೆ ಎರಡೂ ಒಂದೇ. ಹಾಗಾಗಿ ಕೈಯಲ್ಲಿರುವುದು ಮೂರೇ ಬಣ್ಣ. 12.5 ತೆಳ್ಳಗೆ ಮೂಗಿನಲ್ಲಿ ಹಾಡಿದಂತೆ, 50 ದುಂಡಗೆ ಟೊಳ್ಳಾಗಿ ಕೇಳುತ್ತದೆ. ಆಕಾರ ಕೊಡಬಹುದಾದ ಅಲೆ ಮಂದ್ರಸ್ಥಾಯಿಗೆ ಚೆನ್ನ, ಆದರೆ ಅದರ ಗಟ್ಟಿತನಕ್ಕೆ ಕೆಲವೇ ಮೆಟ್ಟಿಲುಗಳಿವೆ. ನಿಧಾನವಾಗಿ ಕರಗುವ ಸ್ವರವನ್ನು ಅದರಿಂದ ನಿರೀಕ್ಷಿಸಬೇಡಿ.

ದನಿಗಳ ಪಟ್ಟಿ ಮಾಡಿಕೊಂಡು ಕೂರುವುದು

ಒಂದು ಹಾಳೆಯಲ್ಲಿ ಒಂಬತ್ತು ಮನೆ ಬರೆಯಿರಿ. ಐದು ಸ್ಯಾಂಪಲ್‌ಗೆ, ನಾಲ್ಕು ಹಳೆಯ ಚಾನೆಲ್‌ಗಳಿಗೆ. ಈಗ ಹಂಚಿ. ನಾನು ಸಾಮಾನ್ಯವಾಗಿ ಮುಖ್ಯ ರಾಗಕ್ಕೆ ಒಂದು ಸ್ಯಾಂಪಲ್ ದನಿ, ಹಿನ್ನೆಲೆಯ ಸ್ವರಮೇಳಕ್ಕೆ ಎರಡು, ಬೇಸ್‌ಗೆ ಒಂದು, ಡ್ರಮ್‌ಗೆ ಒಂದು ಕೊಡುತ್ತೇನೆ. ಮೂರು ಸ್ವರಗಳ ಸ್ವರಮೇಳಕ್ಕೆ ಎರಡೇ ದನಿ ಸಾಕೇ? ಸಾಕು. ಬೇಸ್ ಮೂಲಸ್ವರವನ್ನು ಹಿಡಿದಿದೆ, ಉಳಿದ ಎರಡನ್ನು ಮೇಲಿನವು ನುಡಿಸಲಿ. ಚೌಕ ಅಲೆಗಳಲ್ಲಿ ಒಂದು ಸ್ವರಗಳನ್ನು ಬಿಡಿಬಿಡಿಯಾಗಿ ಓಡಿಸುತ್ತಿದ್ದರೆ, ಇನ್ನೊಂದು ರಾಗವನ್ನು ಮೆಲ್ಲಗೆ, ಒಂದಿಷ್ಟು ತಡವಾಗಿ ಅನುಕರಿಸಬಹುದು. ಈ ತಡವಾದ ಅನುಕರಣೆಯೇ ಬಡವರ ಪ್ರತಿಧ್ವನಿ. ಹಳೆಯ ಗೇಮ್‌ಗಳ ಸಂಗೀತ ವಿಶಾಲವಾಗಿ ಕೇಳುವುದರ ಗುಟ್ಟು ಬಹುಪಾಲು ಇಲ್ಲಿದೆ.

ಒಂದು ಮೋಸ ಗಮನಿಸಿ. ಸ್ವರದ ಕೀಲಿ ಬಿಟ್ಟ ಮೇಲೂ ಅದು ಮಾಸುವ ತನಕ ದನಿಯನ್ನು ಹಿಡಿದೇ ಇರುತ್ತದೆ. ಉದ್ದ ಬಾಲದ ಗಂಟೆಯ ಸದ್ದಿನಲ್ಲಿ ವೇಗವಾದ ಸಾಲು ಬರೆದರೆ ಹಾಳೆಯಲ್ಲಿ ಒಂದು ದನಿ, ಯಂತ್ರದಲ್ಲಿ ನಾಲ್ಕು. ದನಿ ಸಾಲದಾದಾಗ ಎಂಜಿನ್ ಮೊದಲು ಮಾಸುತ್ತಿರುವ ಸ್ವರಗಳನ್ನು ಕಿತ್ತುಕೊಳ್ಳುತ್ತದೆ. ಆಮೇಲೆ ಆದ್ಯತೆ ಕಡಿಮೆ ಇರುವವನ್ನು, ಆದ್ಯತೆ ಸಮವಾಗಿದ್ದರೆ ಕೆಳಗಿನ ಟ್ರ್ಯಾಕ್‌ನವನ್ನು ಕಿತ್ತುಕೊಳ್ಳುತ್ತದೆ. ಹಾಗಾಗಿ ಮುಖ್ಯ ರಾಗ ಎಲ್ಲಕ್ಕಿಂತ ಮೇಲಿನ ಟ್ರ್ಯಾಕ್‌ನಲ್ಲಿರಲಿ, ಕಳೆದುಹೋದರೂ ಯಾರೂ ಅಳದ ಅಲಂಕಾರ ಕೊನೆಯದರಲ್ಲಿ. ನನ್ನ ಕೊಳಲು ಒಂಬತ್ತನೆಯ ಟ್ರ್ಯಾಕ್‌ನಲ್ಲಿತ್ತು ಎಂದು ಈಗ ಹೇಳಬೇಕಾಗಿಲ್ಲ. ಪ್ರಾಣಿಗಳ ಕೂಗು, ಹೊಡೆತದ ಸದ್ದುಗಳೂ ಇದೇ ದನಿಗಳನ್ನು ಬೇಡುತ್ತವೆ. ಯುದ್ಧದ ಸಂಗೀತಕ್ಕೆ ನಾಲ್ಕೇ ಸ್ಯಾಂಪಲ್ ದನಿ ಎಂದುಕೊಂಡು ಬರೆದರೆ ನೆಮ್ಮದಿ.

ರಚನೆ: ಮೊದಲ ಹತ್ತು ಸೆಕೆಂಡುಗಳ ಹೊಣೆ

ಆಟಗಾರ ದಾರಿಯಲ್ಲಿ ನಡೆಯುತ್ತಿರುತ್ತಾನೆ, ಯುದ್ಧ ಎದುರಾಗುತ್ತದೆ, ಮುಗಿಯುತ್ತದೆ, ದಾರಿಯ ಸಂಗೀತ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ನೀವು ಬೆವರು ಸುರಿಸಿ ಬರೆದ ಎರಡನೆಯ ಭಾಗವನ್ನು ಅವನು ಕೇಳುವುದು ಅಪರೂಪ. ಮೊದಲ ಹತ್ತು ಸೆಕೆಂಡನ್ನು ನೂರು ಸಲ ಕೇಳುತ್ತಾನೆ. ಹಾಗಾಗಿ ಒಳ್ಳೆಯ ರಾಗವನ್ನು ಕೊನೆಗೆ ಎತ್ತಿಡುವುದು ಇಲ್ಲಿ ನಷ್ಟದ ವ್ಯಾಪಾರ. ಅದೇ ಕಾರಣಕ್ಕೆ ಆ ಹತ್ತು ಸೆಕೆಂಡುಗಳಲ್ಲಿ ಕಿರುಚುವ ತಾರಸ್ವರವಾಗಲಿ, ಕಿವಿಗೆ ಚುಚ್ಚುವ ಚಮತ್ಕಾರವಾಗಲಿ ಬೇಡ. ಮೊದಲ ಸಲ ಖುಷಿ ಕೊಟ್ಟದ್ದು ಮೂವತ್ತನೆಯ ಸಲಕ್ಕೆ ತಲೆನೋವು.

ಯುದ್ಧದ ಸಂಗೀತದ ಲೆಕ್ಕ ಬೇರೆ. ಅಲ್ಲಿ ಆರಂಭದ ತುಣುಕು ಒಂದೇ ಸಲ ನುಡಿಯುವಂಥದ್ದು, ಪರದೆ ಬದಲಾಗುವ ಹೊತ್ತಿಗೆ ಸರಿಯಾಗಿ ಬಡಿಯಬೇಕು. ಅದು ಮುಗಿದಲ್ಲಿ ಲೂಪ್ ಶುರು.

ಲೂಪ್ ಹದಿನಾರರಿಂದ ಮೂವತ್ತೆರಡು ಆವರ್ತಗಳಿದ್ದರೆ ಸಾಕೆಂಬುದು ನನ್ನ ಅಂದಾಜು. ಕೊನೆಯ ಆವರ್ತದಲ್ಲಿ ಆಧಾರಸ್ವರಕ್ಕೆ ಬಂದು ನೆಲೆಯೂರಬೇಡಿ. ಪಂಚಮದ ಮೇಲೆ ತೂಗುತ್ತ ನಿಲ್ಲಿ. ಲೂಪ್ ತಿರುಗಿ ಮೊದಲ ಸ್ವರಕ್ಕೆ ಬಂದಾಗ ಆ ನೆಲೆ ತಾನಾಗಿ ಸಿಗುತ್ತದೆ, ಬೆಸುಗೆ ಕಾಣುವುದಿಲ್ಲ. ಪೂರ್ತಿ ಮುಗಿತಾಯ ಕೊಟ್ಟು ಮತ್ತೆ ಆರಂಭಿಸಿದರೆ ಪ್ರತಿ ಸುತ್ತಿಗೂ ಯಾರೋ ಬಾಗಿಲು ಹಾಕಿ ತೆಗೆದಂತೆ ಇರುತ್ತದೆ.

ಗತಿ ಮತ್ತು 24

ಇದನ್ನು ತಿಳಿದವರು ಕಡಿಮೆ, ಗೊಂದಲ ಬಹಳ. ಹಾಗಾಗಿ ಸ್ವಲ್ಪ ನಿಧಾನಿಸುತ್ತೇನೆ. ಮಿಡಿ ಎಂದರೆ ಯಾವ ಸ್ವರ, ಯಾವಾಗ, ಎಷ್ಟು ಹೊತ್ತು ಎಂದು ಬರೆದಿಡುವ ಕಡತದ ಬಗೆ. ನಿಮ್ಮ ಮಿಡಿ ತಂತ್ರಾಂಶ ತಾಳದ ಒಂದು ಎಣಿಕೆಯನ್ನು (ಬೀಟ್) 480 ಅಥವಾ 960 ಚೂರು ಮಾಡುತ್ತದೆ. ಗೇಮ್‌ನ ಎಂಜಿನ್ ಮಾಡುವುದು 24 ಚೂರು. ನಾಲ್ಕಾಗಿ ಒಡೆದರೆ ಒಂದೊಂದಕ್ಕೆ ಆರು, ಮೂರಾಗಿ ಒಡೆದರೆ ಎಂಟು, ಎಂಟಾಗಿ ಒಡೆದರೆ ಮೂರು. ಚತುರಶ್ರ, ತಿಶ್ರ ನಡೆಗಳು ಹೀಗೆ ನೆಟ್ಟಗೆ ಕೂರುತ್ತವೆ. ಖಂಡ ನಡೆ ಕೂರುವುದಿಲ್ಲ, 24 ಐದರಿಂದ ಭಾಗವಾಗದು. ಪರಿವರ್ತಕದಲ್ಲಿ ಇದನ್ನು 48ಕ್ಕೆ ಏರಿಸುವ ಆಯ್ಕೆ ಇದೆ, ಅದೂ ಐದಕ್ಕೆ ಒಗ್ಗುವುದಿಲ್ಲ. ಕೈಯಿಂದ ನುಡಿಸಿ ದಾಖಲಿಸಿದ ಸ್ವರಗಳ ಮಾನವ ಸಹಜ ಏರುಪೇರು ಈ ಜಾಲರಿಗೆ ಸಿಕ್ಕಿ ಎಡವಟ್ಟಾಗುತ್ತದೆ. ಪರಿವರ್ತಿಸುವ ಮೊದಲು ನೀವೇ ಸ್ವರಗಳನ್ನು ಜಾಲರಿಗೆ ಹೊಂದಿಸಿಬಿಡಿ. ಯಾವ ಸ್ವರ ಎಲ್ಲಿಗೆ ಸರಿಯಬೇಕೆಂಬುದು ನಿಮ್ಮ ತೀರ್ಮಾನವಾಗಿರಲಿ.

ವೇಗದ್ದು ಇನ್ನೊಂದು ಕತೆ. ಎಂಜಿನ್ ಪರದೆಯ ಪ್ರತಿ ಚೌಕಟ್ಟಿಗೊಮ್ಮೆ (ಫ್ರೇಮ್), ಅಂದರೆ ಸೆಕೆಂಡಿಗೆ ಸುಮಾರು ಅರವತ್ತು ಸಲ ಎಚ್ಚರವಾಗುತ್ತದೆ. ನಿಮಿಷಕ್ಕೆ 150 ಎಣಿಕೆಯ ವೇಗವನ್ನು 24ರಿಂದ ಗುಣಿಸಿದರೆ 3600, ಅಂದರೆ ಸೆಕೆಂಡಿಗೆ 60. ಈ ವೇಗದಲ್ಲಿ ಚೌಕಟ್ಟಿಗೆ ಒಂದು ಚೂರು, ಲಯ ಗಡಿಯಾರದಂತೆ. 75ರಲ್ಲಿ ಎರಡು ಚೌಕಟ್ಟಿಗೊಂದು. ಬೇರೆ ವೇಗಗಳಲ್ಲಿ ಕೆಲವು ಚೂರುಗಳು ಒಂದು ಚೌಕಟ್ಟಿನಷ್ಟು, ಸುಮಾರು 17 ಮಿಲಿಸೆಕೆಂಡು, ಹಿಂದೆ ಮುಂದೆ ಬೀಳುತ್ತವೆ. ಮೆಲುವಾದ ರಾಗದಲ್ಲಿ ಗೊತ್ತಾಗದು, ಬಿರುಸಾದ ಡ್ರಮ್‌ನಲ್ಲಿ ಗೊತ್ತಾಗುತ್ತದೆ. ಜೊತೆಗೆ ವೇಗವನ್ನು ಅರ್ಧ ಮಾಡಿ ಪೂರ್ಣಾಂಕವಾಗಿ ಬರೆದಿಡಲಾಗುತ್ತದೆ, ಆದ್ದರಿಂದ 145 ಕೊಟ್ಟರೆ ಸಿಗುವುದು 144. ಸಮಸಂಖ್ಯೆಯನ್ನೇ ಆರಿಸಿ.

ಮಿಡಿ ಕಡತವನ್ನು ಹಸನು ಮಾಡುವುದು

ಪರಿವರ್ತಕದ ಹೆಸರು ಮಿಡ್‌ಟುಎಜಿಬಿ. ಮಿಡಿ ಕಡತವನ್ನು ಕೊಟ್ಟರೆ ಎಂಜಿನ್‌ಗೆ ಅರ್ಥವಾಗುವ ಪಠ್ಯವನ್ನು ಅದು ಬರೆಯುತ್ತದೆ. ಅದಕ್ಕೆ ಎಲ್ಲ ಮಿಡಿ ಸಂಕೇತಗಳೂ ತಿಳಿಯುವುದಿಲ್ಲ, ತಿಳಿಯದ್ದನ್ನು ಗೊಣಗದೆ ಬಿಟ್ಟುಬಿಡುತ್ತದೆ.

ಗಟ್ಟಿತನಕ್ಕೆ 7ನೆಯ ಕಂಟ್ರೋಲರ್ (ನುಡಿಸುವ ಬಗೆಯನ್ನು ಹೇಳುವ, ಸಂಖ್ಯೆಯಿಂದ ಗುರುತಿಸುವ ಮಿಡಿ ಸಂಕೇತ) ಮಾತ್ರ ಬಳಸಿ. ಹಲವರು 11ನೆಯದರಲ್ಲಿ ಏರಿಳಿತ ಬರೆದಿರುತ್ತಾರೆ, ಅದೆಲ್ಲ ಮಾಯವಾಗುತ್ತದೆ. ಪಿಯಾನೊ ಪೆಡಲ್‌ನ 64ನೆಯದೂ ಅಷ್ಟೇ. ಪೆಡಲ್ ಒತ್ತಿ ನುಡಿಸಿದ ಪಿಯಾನೊ ಸಾಲು ಪರಿವರ್ತನೆಯಾದ ಮೇಲೆ ಕಡ್ಡಿ ಮುರಿದಂತೆ ಕೇಳಿಸಿದರೆ ಕಾರಣ ಇದು. ಸ್ವರಗಳನ್ನೇ ಕೈಯಾರೆ ಉದ್ದ ಮಾಡಿ. ಎಡಬಲಕ್ಕೆ 10, ಕಂಪನಕ್ಕೆ 1, ಸ್ವರ ಜಾರಿಸುವ ವ್ಯಾಪ್ತಿಗೆ 20. ಈ ಕೊನೆಯದನ್ನು ಮರೆತರೆ ವ್ಯಾಪ್ತಿ ಎರಡು ಅರ್ಧಸ್ವರಗಳಲ್ಲೇ ನಿಲ್ಲುತ್ತದೆ, ಒಂದು ಸ್ಥಾಯಿಯಷ್ಟು ಜಾರಬೇಕಿದ್ದ ಗಿಟಾರ್ ಕುಂಟುತ್ತದೆ.

ಲೂಪ್‌ಗೆ ಮೊದಲ ಟ್ರ್ಯಾಕ್‌ನಲ್ಲಿ ಮಾರ್ಕರ್ ಹಾಕಬೇಕು. ಶುರುವಾಗುವಲ್ಲಿ [ ಎಂದೂ ಮುಗಿಯುವಲ್ಲಿ ] ಎಂದೂ ಬರೆದರೆ ಆಯಿತು, ಬೇರೇನೂ ಬೇಡ. ಲೂಪ್ ಎಂದರೆ ಎಂಜಿನ್ ಹಿಂದಕ್ಕೆ ಜಿಗಿಯುವುದು ಅಷ್ಟೇ. ಗಟ್ಟಿತನ, ಎಡಬಲ, ವಾದ್ಯ, ಜಾರಿಕೆ ಎಲ್ಲ ಕೊನೆಯಲ್ಲಿ ಹೇಗಿದ್ದವೋ ಹಾಗೆಯೇ ಉಳಿಯುತ್ತವೆ. ಕೊನೆಯಲ್ಲಿ ತಂತಿವಾದ್ಯವನ್ನು ಮೆಲ್ಲಗೆ ಇಳಿಸಿದ್ದರೆ ಎರಡನೆಯ ಸುತ್ತು ಪೂರ್ತಿ ಅದು ಪಿಸುಗುಡುತ್ತದೆ. ಲೂಪ್ ಶುರುವಾಗುವ ಜಾಗದಲ್ಲಿ ಪ್ರತಿ ಟ್ರ್ಯಾಕ್‌ಗೂ ಇವೆಲ್ಲವನ್ನೂ ಮತ್ತೊಮ್ಮೆ ಬರೆಯಿರಿ. ಯಾವ ಸ್ವರವೂ ಮುಗಿಯುವ ಗೆರೆಯನ್ನು ದಾಟದಿರಲಿ.

ವಾದ್ಯಗಳ ಪಟ್ಟಿ

ಮಿಡಿ ಕಡತ ತನ್ನೊಳಗೆ ಯಾವ ಸದ್ದನ್ನೂ ಹೊತ್ತಿರುವುದಿಲ್ಲ, ವಾದ್ಯದ ಸಂಖ್ಯೆಯನ್ನಷ್ಟೇ ಹೇಳುತ್ತದೆ. ಆ ಸಂಖ್ಯೆ ಗೇಮ್‌ನಲ್ಲಿ ವಾಯ್ಸ್‌ಗ್ರೂಪ್ ಎಂಬ ಪಟ್ಟಿಯ ಒಂದು ಸಾಲಿಗೆ ಬೆರಳು ತೋರಿಸುತ್ತದೆ. 128 ಸಾಲುಗಳ ತನಕ ಇರಬಹುದು. ಪಟ್ಟಿಯಲ್ಲಿ 60 ಸಾಲುಗಳಿದ್ದು ನಿಮ್ಮ ಮಿಡಿ 75ನೆಯ ವಾದ್ಯ ಕೇಳಿದರೆ ಎಂಜಿನ್ ಪಟ್ಟಿಯ ಆಚೆಗಿರುವ ಏನನ್ನೋ ವಾದ್ಯವೆಂದು ಓದಿಕೊಳ್ಳುತ್ತದೆ. ವಿಚಿತ್ರವಾದ ಕರ್ಕಶ ಸದ್ದು ಬಂದರೆ ಮೊದಲು ಇಲ್ಲಿ ನೋಡಿ.

ಗೇಮ್‌ನಲ್ಲಿ ಆಗಲೇ ಇರುವ ಪಟ್ಟಿಯೊಂದನ್ನು ನಕಲು ಮಾಡಿ ಬದಲಾಯಿಸುವುದು ಹೊಸಬರಿಗೆ ಸುಲಭ. ಪ್ರತಿ ಸಾಲಿನಲ್ಲೂ ಸದ್ದಿನ ಬಗೆ ಮತ್ತು ಕೊನೆಗೆ ನಾಲ್ಕು ಸಂಖ್ಯೆಗಳಿರುತ್ತವೆ: ಏರುವ ವೇಗ, ಇಳಿಯುವ ವೇಗ, ನಿಲ್ಲುವ ಮಟ್ಟ, ಬಿಟ್ಟ ಮೇಲೆ ಮಾಸುವ ವೇಗ. ಡೈರೆಕ್ಟ್‌ಸೌಂಡ್ ಸಾಲಿನಲ್ಲಿ ಇವು 255ರ ತನಕ ಹೋಗುತ್ತವೆ, ಏರುವುದಕ್ಕೆ 255 ಎಂದರೆ ತಕ್ಷಣ. ಚೌಕ ಅಲೆಯ ಸಾಲಿನಲ್ಲಿ ಅಳತೆಗೋಲೇ ಬೇರೆ: ನಿಲ್ಲುವ ಮಟ್ಟಕ್ಕೆ 15, ಉಳಿದವಕ್ಕೆ 7 ಗರಿಷ್ಠ. ಒಂದರ ಸಂಖ್ಯೆಗಳನ್ನು ಇನ್ನೊಂದಕ್ಕೆ ಅಂಟಿಸಿ ಅರ್ಧ ದಿನ ಕಳೆದವರಲ್ಲಿ ನಾನೂ ಒಬ್ಬ.

ನಿಮ್ಮದೇ ಸ್ಯಾಂಪಲ್ ಸೇರಿಸುವುದಾದರೆ ಒಂದೇ ಚಾನೆಲ್‌ನ ಧ್ವನಿಮುದ್ರಣ ಬೇಕು. ಎಂಟು ಬಿಟ್‌ಗೆ ಇಳಿಸುವ ಮುನ್ನ ಅದರ ಗಟ್ಟಿತನವನ್ನು ಮೇಲಿನ ಅಂಚಿನ ತನಕ ಏರಿಸಿಕೊಳ್ಳಿ. ಮೆಲ್ಲಗಿನ ಸದ್ದನ್ನು ಹಾಗೆಯೇ ಇಳಿಸಿದರೆ ಸ್ವರಕ್ಕಿಂತ ಸರಸರ ಎನ್ನುವ ಗದ್ದಲವೇ ಹೆಚ್ಚು. ಉದ್ದ ಹಿಡಿಯುವ ವಾದ್ಯಗಳಿಗೆ ಸ್ಯಾಂಪಲ್‌ನೊಳಗೂ ಒಂದು ಲೂಪ್ ಬೇಕು: ಅಲೆ ಸೊನ್ನೆಯ ಗೆರೆಯನ್ನು ಮೇಲ್ಮುಖವಾಗಿ ದಾಟುವ ಎರಡು ಜಾಗಗಳನ್ನು ಹುಡುಕಿ ಜೋಡಿಸಿ. ಟಕ್ ಎಂಬ ಸದ್ದು ಕೇಳಿದರೆ ಜೋಡಣೆ ತಪ್ಪಿದೆ. ಡ್ರಮ್‌ಗಳನ್ನು 13379ರ ವೇಗದಲ್ಲೇ ಉಳಿಸಿ, ಶ್ರುತಿ ಬದಲಿಸದೆ ನುಡಿಸುವ ಬಗೆಯ ಸಾಲಿಗೆ ಹಾಕಿದರೆ ಹೆಚ್ಚು ಶುಭ್ರವಾಗಿರುತ್ತವೆ.

ಗೇಮ್‌ನೊಳಗೆ ಸೇರಿಸುವುದು

ಇಲ್ಲಿ ಕಲೆಯಿಲ್ಲ, ಎಚ್ಚರ ಮಾತ್ರ ಬೇಕು.

1. ಮಿಡಿ ಕಡತವನ್ನು ಯೋಜನೆಯ ಹಾಡುಗಳ ಮಿಡಿ ಕೋಶಕ್ಕೆ ಹಾಕಿ. ಹೆಸರು ಚಿಕ್ಕ ಅಕ್ಷರಗಳಲ್ಲಿ, ನಡುವೆ ಖಾಲಿ ಜಾಗವಿಲ್ಲದೆ ಇರಲಿ.
2. ಮಿಡಿ ಸಂರಚನಾ ಕಡತದಲ್ಲಿ ಅದಕ್ಕೊಂದು ಸಾಲು ಬರೆಯಿರಿ. ವಾಯ್ಸ್‌ಗ್ರೂಪ್ ಯಾವುದು, ಒಟ್ಟು ಗಟ್ಟಿತನ ಎಷ್ಟು, ಪ್ರತಿಧ್ವನಿ ಎಷ್ಟು, ಎಲ್ಲ ಇಲ್ಲಿ. ಸ್ವರದ ಉದ್ದವನ್ನು ಇದ್ದಂತೆಯೇ ಉಳಿಸುವ ಆಯ್ಕೆಯನ್ನೂ ಕೊಡಿ, ಇಲ್ಲವಾದರೆ ಉದ್ದ ಸ್ವರಗಳನ್ನು ಪರಿವರ್ತಕ ತನ್ನ ಕೋಷ್ಟಕದ ಹತ್ತಿರದ ಅಳತೆಗೆ ಕತ್ತರಿಸುತ್ತದೆ.
3. ಹಾಡುಗಳ ಕೋಷ್ಟಕದ ಕೊನೆಗೆ ಹೆಸರು ಸೇರಿಸಿ, ಹಿನ್ನೆಲೆ ಸಂಗೀತದ ಪ್ಲೇಯರ್ ಎಂದು ಗುರುತಿಸಿ.
4. ಹಾಡುಗಳ ಸ್ಥಿರಾಂಕಗಳ ಕಡತದಲ್ಲಿ ಅದೇ ಕ್ರಮಾಂಕ ಕೊಡಿ.

ಮೂರು ಮತ್ತು ನಾಲ್ಕರ ನಡುವೆ ಒಂದು ಸಂಖ್ಯೆ ಆಚೀಚೆಯಾದರೆ ಯಾವ ದೋಷ ಸಂದೇಶವೂ ಬರುವುದಿಲ್ಲ, ಊರಿನಲ್ಲಿ ಬೇರೆ ಯಾವುದೋ ಸಂಗೀತ ನುಡಿಯುತ್ತದೆ. ಹೆಸರಿನ ಕಾಗುಣಿತ ತಪ್ಪಿದರೆ ಮಾತ್ರ ಗೇಮ್ ಕಟ್ಟುವಾಗಲೇ ತಂತ್ರಾಂಶ ತಡೆದು ಹೇಳುತ್ತದೆ.

ಪರೀಕ್ಷೆಗೆ ಎಂಜಿಬಿಎ ಎಮ್ಯುಲೇಟರ್, ಅಂದರೆ ಕಂಪ್ಯೂಟರಿನಲ್ಲಿ ಆ ಯಂತ್ರವನ್ನು ಅನುಕರಿಸುವ ತಂತ್ರಾಂಶ, ಬಳಸಿ. ಅದರಲ್ಲಿ ಧ್ವನಿ ಚಾನೆಲ್‌ಗಳನ್ನು ಒಂದೊಂದಾಗಿ ಮುಚ್ಚಿ ಕೇಳಬಹುದು, ಚೌಕ ಅಲೆಯ ತಪ್ಪೋ ಸ್ಯಾಂಪಲ್‌ನ ತಪ್ಪೋ ಎಂದು ಬೇಗ ತಿಳಿಯುತ್ತದೆ. ಮೂರು ಸುತ್ತು ಪೂರ್ತಿ ಕೇಳಿ, ಏಕೆಂದರೆ ಲೂಪ್‌ನ ತಪ್ಪುಗಳು ಹೊರಬರುವುದು ಎರಡನೆಯ ಸುತ್ತಿನಿಂದ. ಆಮೇಲೆ ಮೆನು ತೆರೆಯಿರಿ, ಗೋಡೆಗೆ ಢಿಕ್ಕಿ ಹೊಡೆಯಿರಿ, ಯುದ್ಧಕ್ಕೆ ಇಳಿಯಿರಿ. ಆ ಸದ್ದುಗಳು ಯಾವ ದನಿಯನ್ನು ಕಿತ್ತುಕೊಳ್ಳುತ್ತಿವೆ ಎಂದು ಗಮನಿಸಿ. ಯಂತ್ರದ ಸ್ಪೀಕರ್ ಒಂದೇ, ಅದೂ ಪುಟ್ಟದು. ಬೇಸ್ ಅದರಲ್ಲಿ ಕಳೆದೇ ಹೋಗುತ್ತದೆ. ಬೇಸ್‌ನ ಸಾಲನ್ನು ಒಂದು ಸ್ಥಾಯಿ ಮೇಲೆ ಮೆಲ್ಲಗಿನ ಚೌಕ ಅಲೆಯಲ್ಲಿ ಜೊತೆಗೂಡಿಸಿದರೆ ಕಿವಿ ಕೆಳಗಿನದನ್ನು ತಾನೇ ಊಹಿಸಿಕೊಳ್ಳುತ್ತದೆ.

ಹೊಸ ಎಂಜಿನ್‌ಗಳಿಗೆ

ಆರ್‌ಪಿಜಿ ಮೇಕರ್, ಗೋಡೋ ಮುಂತಾದವುಗಳಲ್ಲಿ ದನಿಗಳ ಬಡತನವಿಲ್ಲ, ಮುದ್ರಿಸಿದ ಧ್ವನಿಯನ್ನೇ ಹಾಕಬಹುದು. ತೊಡಕು ಲೂಪ್‌ನದು. ಎಂಪಿತ್ರೀ ಬೇಡ. ಅದರ ಎನ್‌ಕೋಡರ್ ಕಡತದ ಮೊದಲಿಗೂ ಕೊನೆಗೂ ಒಂದಿಷ್ಟು ಮೌನ ಸೇರಿಸುತ್ತದೆ, ಪ್ರತಿ ಸುತ್ತಿಗೂ ಲಯ ಮುಗ್ಗರಿಸುತ್ತದೆ. ಆಗ್ ವೋರ್ಬಿಸ್ ಎಂಬ ಧ್ವನಿ ಕಡತದ ಬಗೆಯನ್ನು ಬಳಸಿ.

ಆರ್‌ಪಿಜಿ ಮೇಕರ್‌ನ ಎಂವಿ, ಎಂಜೆಡ್ ಆವೃತ್ತಿಗಳು ಆಗ್ ಕಡತದಲ್ಲಿನ ಲೂಪ್‌ಸ್ಟಾರ್ಟ್ (ಲೂಪ್ ಶುರುವಾಗುವ ಜಾಗ), ಲೂಪ್‌ಲೆಂತ್ (ಲೂಪ್‌ನ ಉದ್ದ) ಎಂಬ ಎರಡು ಟ್ಯಾಗ್‌ಗಳನ್ನು, ಅಂದರೆ ಕಡತದೊಳಗಿನ ಟಿಪ್ಪಣಿಗಳನ್ನು, ಓದುತ್ತವೆ. ಎರಡರಲ್ಲೂ ಬರೆಯಬೇಕಾದದ್ದು ಸೆಕೆಂಡಲ್ಲ, ಸ್ಯಾಂಪಲ್‌ಗಳ ಎಣಿಕೆ. ವೇಗ 120, ಧ್ವನಿಯ ದರ 44100 ಎಂದುಕೊಳ್ಳಿ. ಒಂದು ಎಣಿಕೆಗೆ 22050 ಸ್ಯಾಂಪಲ್, ನಾಲ್ಕು ಎಣಿಕೆಗಳ ಆವರ್ತಕ್ಕೆ 88200. ಆರಂಭದ ತುಣುಕು ನಾಲ್ಕು ಆವರ್ತ ಇದ್ದರೆ ಲೂಪ್‌ಸ್ಟಾರ್ಟ್ 352800. ಲೂಪ್ ಹದಿನಾರು ಆವರ್ತ ಇದ್ದರೆ ಲೂಪ್‌ಲೆಂತ್ 1411200. ವೇಗ 128 ಆದರೆ ಎಣಿಕೆಗೆ 20671.875, ಪೂರ್ಣಾಂಕವಲ್ಲ. ಗಾಬರಿ ಬೇಡ, ಎಂಟು ಆವರ್ತಗಳಿಗೆ ಸರಿಯಾಗಿ 661500 ಬರುತ್ತದೆ. ಟ್ಯಾಗ್‌ಗಳನ್ನು ಆಡಾಸಿಟಿ ಎಂಬ ಧ್ವನಿ ಸಂಪಾದಕ ತಂತ್ರಾಂಶದಲ್ಲೇ ಬರೆಯಬಹುದು. ಗೋಡೋದಲ್ಲಿ ಟ್ಯಾಗ್ ಬೇಕಿಲ್ಲ, ಕಡತ ಒಳತರುವಾಗಿನ ಆಯ್ಕೆಗಳಲ್ಲಿ ಲೂಪ್ ಶುರುವಾಗುವ ಹೊತ್ತನ್ನು ಸೆಕೆಂಡುಗಳಲ್ಲಿ ಕೊಡುತ್ತೀರಿ.

ಇನ್ನೊಂದು ಸೂಕ್ಷ್ಮ ಉಂಟು. ಕೊನೆಯ ಸ್ವರದ ಗುಂಗು ಲೂಪ್‌ನ ಗೆರೆಯಾಚೆಗೂ ಹರಿಯುತ್ತದೆ. ಅಲ್ಲೇ ಕತ್ತರಿಸಿದರೆ ಸುತ್ತು ತಿರುಗುವಾಗ ಗುಂಗು ತಟ್ಟನೆ ಸಾಯುತ್ತದೆ. ಲೂಪ್ ಭಾಗವನ್ನು ಬೆನ್ನುಬೆನ್ನಿಗೆ ಎರಡು ಸಲ ನುಡಿಸಿ ಮುದ್ರಿಸಿ, ಎರಡನೆಯ ಸುತ್ತನ್ನು ಲೂಪ್ ಆಗಿ ಗುರುತಿಸಿ. ಅದರ ಮೊದಲ ಆವರ್ತದಲ್ಲಿ ಹಿಂದಿನ ಸುತ್ತಿನ ಗುಂಗು ಆಗಲೇ ಬೆರೆತಿರುತ್ತದೆ. ಮೇಲಿನ ಲೆಕ್ಕದಲ್ಲಿ ಲೂಪ್‌ಸ್ಟಾರ್ಟ್ ಆಗ 352800ಕ್ಕೆ 1411200 ಕೂಡಿಸಿ 1764000 ಆಗುತ್ತದೆ. ಕಡತ ದೊಡ್ಡದಾಗುತ್ತದೆ, ಆದರೆ ಬೇರೆ ದಾರಿಗಳಿಗಿಂತ ಇದು ನಂಬಿಕಸ್ತ.

ಹಕ್ಕು, ಹೆಸರು, ಹಂಚಿಕೆ

ಮೂಲ ಗೇಮ್‌ನ ರಾಗವನ್ನು ನೀವು ಹೊಸದಾಗಿ ಜೋಡಿಸಿದರೂ ರಾಗ ನಿಮ್ಮದಾಗುವುದಿಲ್ಲ. 2016ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಎಎಂಟುಆರ್ ಎಂಬ ಅಭಿಮಾನಿ ಗೇಮ್ ಕೃತಿಸ್ವಾಮ್ಯದ ನೋಟಿಸ್ ಬಂದ ಮೇಲೆ ಡೌನ್‌ಲೋಡ್ ತಾಣಗಳಿಂದ ಕೆಳಗಿಳಿಯಿತು. ವರ್ಷಗಳ ದುಡಿಮೆ ಅದು, ಹಣಕ್ಕೆ ಮಾರುತ್ತಿರಲೂ ಇಲ್ಲ. ಪೂರ್ತಿ ಸ್ವಂತ ರಾಗ ಬರೆದರೆ ಗೇಮ್ ನಿಂತರೂ ಸಂಗೀತ ನಿಮ್ಮ ಬಳಿ ಉಳಿಯುತ್ತದೆ ಎಂಬುದೊಂದು ಲಾಭ. ಬೇರೆ ಅಭಿಮಾನಿಯೊಬ್ಬರು ಮಾಡಿದ ಮಿಡಿ ಸಿಕ್ಕರೆ ಅವರನ್ನು ಕೇಳಿ, ಒಪ್ಪಿದ ಮೇಲೆ ಬಳಸಿ. ಗೇಮ್‌ನ ಜೊತೆಯ ಓದು ಕಡತದಲ್ಲಿ ರಾಗ ಯಾರದು, ಜೋಡಣೆ ಯಾರದು, ಸ್ಯಾಂಪಲ್‌ಗಳು ಎಲ್ಲಿಯವು ಎಂದು ಪ್ರತಿ ಹಾಡಿಗೂ ಬರೆದಿಡಿ. ಕೊನೆಗೆ ನೆನಪಿನಿಂದ ಬರೆಯುತ್ತೇನೆ ಎಂದರೆ ಆಗದ ಕೆಲಸ, ಹಾಡು ಸೇರಿಸಿದ ದಿನವೇ ಬರೆಯಿರಿ.

ಪೂರ್ತಿ ಗೇಮ್ ಕಡತವನ್ನು ಹಂಚಬೇಡಿ. ಮೂಲಕ್ಕೂ ನಿಮ್ಮದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಹಿಡಿದಿಡುವ ಪ್ಯಾಚ್ ಹಂಚಿ. ಐಪಿಎಸ್ ಬಗೆಯ ಪ್ಯಾಚ್ 16 ಎಂಬಿಯಿಂದ ಆಚೆ ತಲುಪಲಾರದು, ಹೊಸ ಸ್ಯಾಂಪಲ್‌ಗಳು ಸೇರಿದ ಗೇಮ್ ಆ ಗೆರೆಯನ್ನು ದಾಟಬಹುದು. ಬಿಪಿಎಸ್ ಅಥವಾ ಯುಪಿಎಸ್ ಆರಿಸಿಕೊಳ್ಳಿ.